ಸಿಸ್ಟಮ್ ಅಂದರೆ ಯಾರಪ್ಪಾ?

(ಬ್ಯಾಂಕಿನಿಂದ ನಿವೃತ್ತನಾದ ಮಾವ, ಸಾಫ್ಟ್‌ವೇರ್ ಕೆಲಸದಲ್ಲಿರುವ ಸೊಸೆ. ರಾತ್ರಿ ಊಟ ಮುಗಿದಿದೆ.)

ಸೊಸೆ: ಇನ್ನು ಹತ್ತೇ ವರ್ಷ ಮಾವ. ಮನುಷ್ಯರು ಮಾಡೋ ಕೆಲಸವನ್ನೆಲ್ಲ ಯಂತ್ರವೇ ಮಾಡುತ್ತೆ.

ಮಾವ: ಈ ಮಾತಿಗೆ ನಿನಗಿಂತ ವಯಸ್ಸಾಗಿದೆ. ಹರ್ಬರ್ಟ್ ಸೈಮನ್ ಅಂತ, ಮುಂದೆ ನೊಬೆಲ್ ಪಡೆದವರು, 1965ರಲ್ಲೇ ಇಪ್ಪತ್ತು ವರ್ಷದ ವಾಯಿದೆ ಕೊಟ್ಟಿದ್ದರು. 1985 ಬಂತು, ಹೋಯಿತು. ನಮ್ಮ ಶಾಖೆಯಲ್ಲಿ ಆಗಿನ್ನೂ ಲೆಡ್ಜರ್ ಹೊರುತ್ತಿದ್ದೆವು.

ಸೊಸೆ: ಹತ್ತು ವರ್ಷದೊಳಗೆ ಕಂಪ್ಯೂಟರೇ ಚೆಸ್ ಚಾಂಪಿಯನ್ ಅಂತ 1957ರಲ್ಲಿ ಹೇಳಿದವರೂ ಅವರೇ. 1997ರಲ್ಲಿ ಡೀಪ್ ಬ್ಲೂ ಅನ್ನೋ ಕಂಪ್ಯೂಟರ್ ಚೆಸ್ ಚಾಂಪಿಯನ್ ಕಾಸ್ಪರೋವ್‌ನನ್ನು ಸೋಲಿಸಿತಲ್ಲ? ವಾಯಿದೆ ತಪ್ಪಿದ ಮಾತ್ರಕ್ಕೆ ಸಾಲ ಸುಳ್ಳಾಗುತ್ತಾ?

ಮಾವ: ಬ್ಯಾಂಕಿನವನಿಗೇ ಬ್ಯಾಂಕಿನ ಪಾಠ! ಸರಿ, ಒಪ್ಪಿದೆ. ಯಾವಾಗ ಅನ್ನುವ ಲೆಕ್ಕ ಬಿಡೋಣ. ಜೋಸೆಫ್ ವೈಜೆನ್‌ಬಾಮ್ ಗೊತ್ತಾ?

ಸೊಸೆ: ಎಲೈಜಾ ಅನ್ನೋ ಮಾತಾಡುವ ಪ್ರೋಗ್ರಾಮ್ ಬರೆದವರು.

ಮಾವ: ಅವರೇ. ಒಂದು ಲೆಕ್ಕದಲ್ಲಿ ನಮ್ಮ ಬಳಗದವರು. 1950ರ ದಶಕದಲ್ಲಿ ಬ್ಯಾಂಕ್ ಆಫ್ ಅಮೆರಿಕಾಗೆ ಕಂಪ್ಯೂಟರ್ ಕಟ್ಟಿದ ತಂಡದಲ್ಲಿದ್ದರು. ಆಮೇಲೆ ಎಂಐಟಿಗೆ ಹೋಗಿ, 1966ರಲ್ಲಿ ಎಲೈಜಾ ಪ್ರಕಟಿಸಿದರು. 'ಅಮ್ಮನ ಮೇಲೆ ಸಿಟ್ಟು ಬಂದಿದೆ' ಅಂದರೆ 'ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ' ಅನ್ನುವಂಥದ್ದು. ಒಂದು ಪದ ಹಿಡಿಯುವುದು, ವಾಕ್ಯ ತಿರುಗಿಸಿ ಕೊಡುವುದು. ಅರ್ಥದ ಗಂಧವೂ ಇಲ್ಲ. ಆದರೂ, ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ಕಂಡಿದ್ದ ಅವರ ಸೆಕ್ರೆಟರಿಯೇ ಅದರ ಜೊತೆ ಮಾತಿಗೆ ಕೂತು, ನೀವು ಸ್ವಲ್ಪ ಹೊರಗಿರಿ ಅಂದರಂತೆ! ಗಂಟೆಗೆ ನೂರಾರು ರೋಗಿಗಳನ್ನು ಕಂಪ್ಯೂಟರ್ ನೋಡಬಹುದು ಅಂತ ಮನೋವೈದ್ಯರೂ ಲೆಕ್ಕ ಹಾಕಿದರು. ಬೆಚ್ಚಿಬಿದ್ದವರು ಅದನ್ನು ಬರೆದವರೇ.

ಸೊಸೆ: ಸಮಾಧಾನ ಸಿಕ್ಕಿದ್ದರೆ ತಪ್ಪೇನು? ರಾತ್ರಿ ಎರಡು ಗಂಟೆಗೆ ಒಂಟಿಯಾಗಿ ಅಳುತ್ತ ಕೂತವರ ಹತ್ತಿರ ನೀವು ಯಾವ ಡಾಕ್ಟರನ್ನು ಕಳಿಸುತ್ತೀರಿ?

ಮಾವ: ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮಾತಾಡಿಕೊಳ್ಳಲಿ ಬಿಡು. ನನ್ನ ತಕರಾರು ತೀರ್ಪಿನದು. 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಅನ್ನುವ ಹೆಸರಿಟ್ಟ ಜಾನ್ ಮೆಕಾರ್ಥಿ, ನ್ಯಾಯಾಧೀಶರಿಗೆ ಗೊತ್ತಿರುವುದರಲ್ಲಿ ಕಂಪ್ಯೂಟರಿಗೆ ಹೇಳಿಕೊಡಲಾಗದ್ದು ಏನಿದೆ ಅಂತ ಕೇಳಿದ್ದರು. ಏನೂ ಇಲ್ಲ ಅನ್ನುವುದೇ ಅವರ ಅಭಿಪ್ರಾಯ. ವೈಜೆನ್‌ಬಾಮ್‌ಗೆ ಸಿಟ್ಟು ಬಂತು. 1936ರಲ್ಲಿ ಹಿಟ್ಲರನ ಬರ್ಲಿನ್ ಬಿಟ್ಟು ಬಂದ ಯಹೂದಿ ಕುಟುಂಬದ ಹುಡುಗ ಅವರು. 1976ರ ಪುಸ್ತಕದಲ್ಲಿ ಅವರ ವಾದ ಇಷ್ಟು: ಯಂತ್ರದ ಕೈಲಾದರೂ ಅದರಿಂದ ಮಾಡಿಸಬಾರದ ಕೆಲಸಗಳಿವೆ.

ಸೊಸೆ: ಮನುಷ್ಯರ ತೀರ್ಪು ಅಷ್ಟು ಚೆನ್ನಾಗಿತ್ತಾ? ನಿಮ್ಮ ಕಾಲದ ಮ್ಯಾನೇಜರು ಅರ್ಜಿ ನೋಡುತ್ತಿದ್ದರೋ, ಅರ್ಜಿದಾರನ ಕೇರಿ ನೋಡುತ್ತಿದ್ದರೋ?

ಮಾವ: ಎರಡನ್ನೂ. ಸುಳ್ಳು ಹೇಳಲಾರೆ. ಆದರೆ ಮುಂದೆ ನಿಂತು ಯಾಕೆ ಕೊಡಲ್ಲ ಅಂತ ಜಗಳ ಆಡಬಹುದಿತ್ತು, ಮೇಲಿನವರಿಗೆ ದೂರು ಬರೆಯಬಹುದಿತ್ತು. ಈಗ 'ಸ್ಕೋರ್ ಕಮ್ಮಿ, ಸಿಸ್ಟಮ್ ತಗೊಳ್ತಿಲ್ಲ' ಅಂತಾರೆ. ಸಿಸ್ಟಮ್ ಅಂದರೆ ಯಾರಪ್ಪಾ? ಅದು ಕಲಿತದ್ದು ಅದೇ ಮ್ಯಾನೇಜರುಗಳ ಹಳೇ ಕಡತಗಳಿಂದಾದರೆ ಕೇರಿ ಅದರೊಳಗೂ ಕೂತಿರುತ್ತೆ.

ಸೊಸೆ: ಮಾಡೆಲ್‌ನಲ್ಲಿ ಕೂತಿದ್ದರೆ ಪರೀಕ್ಷೆ ಮಾಡಿ ಹುಡುಕಬಹುದು, ತಿದ್ದಬಹುದು. ಮ್ಯಾನೇಜರ ತಲೆಯೊಳಗೆ ಕೈ ಹಾಕೋಕಾಗುತ್ತಾ?

ಮಾವ: (ತುಸು ಸುಮ್ಮನಿದ್ದು) ಇದು ಒಳ್ಳೇ ಮಾತು. ತಿದ್ದಿ. ತಿದ್ದಿದ್ದೇವೆ ಅಂತ ಸಹಿ ಹಾಕೋರು ಯಾರು?

ಸೊಸೆ: ಸದ್ಯಕ್ಕೆ... ಯಾರೂ ಇಲ್ಲ. ನಾವು ಮಾಡೆಲ್ ಕೊಡ್ತೀವಿ, ಬಳಸೋದು ಬ್ಯಾಂಕಿನವರು.

ಮಾವ: ಅವರು ನಿಮ್ಮನ್ನು ತೋರಿಸ್ತಾರೆ. 1983ರಲ್ಲಿ ಬ್ಯಾಂಕುಗಳಿಗೂ ಯೂನಿಯನ್‌ಗಳಿಗೂ ಕಂಪ್ಯೂಟರ್ ಬಗ್ಗೆ ಒಪ್ಪಂದವಾದಾಗ ನಮ್ಮ ಶಾಖೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಎಷ್ಟು ಜನರ ಕೆಲಸ ಹೋಗುತ್ತೆ ಅಂತ. ನಿರ್ಧಾರ ಯಾರ ಕೈಗೆ ಹೋಗುತ್ತೆ ಅಂತ ನಾವು ಕೇಳಲಿಲ್ಲ. ನೀವಾದರೂ ಕೇಳಿ. ಸಾಲವಿರಲಿ, ಜಾಮೀನಿರಲಿ, ನೌಕರಿಯಿರಲಿ, ಯಂತ್ರ ಏನೇ ಹೇಳಲಿ, ಆ ಕಾಗದದ ಕೆಳಗೆ ಒಬ್ಬ ಮನುಷ್ಯನ ಹೆಸರಿರಲಿ. ಕೇಳಲು ಬಂದವರಿಗೆ ಆ ಮನುಷ್ಯ ಸಿಗುವಂತಿರಲಿ.