ವಾಹನ ಚಾಲನೆ ಮತ್ತು ಅನರ್ಥದಂಡವಿರತಿ

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ನಿಷ್ಪ್ರಯೋಜನವಾಗಿ ಅಗ್ನಿಯನ್ನು ಉರಿಸುವುದನ್ನು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂದು ಎಣಿಸಿದ್ದಾರೆ. ಎಂಜಿನ್ನಿನೊಳಗೆ ಉರಿಯುವುದೂ ಅಗ್ನಿಯೇ.

1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೊಟಾ ಪ್ರಿಯಸ್‌ನಂತಹ ಹೈಬ್ರಿಡ್ ಕಾರುಗಳಲ್ಲಿ, ಮುಂದಿನ ಸಿಗ್ನಲನ್ನು ದೂರದಿಂದಲೇ ಗಮನಿಸಿ ಮೆಲ್ಲನೆ ಬ್ರೇಕ್ ಒತ್ತಿದರೆ, ಮೋಟಾರೇ ಜನರೇಟರಾಗಿ ಚಲನಶಕ್ತಿಯ ಒಂದಂಶವನ್ನು ಬ್ಯಾಟರಿಗೆ ಮರಳಿಸುತ್ತದೆ. ಹಠಾತ್ತನೆ ಬಲವಾಗಿ ಒತ್ತಿದರೆ ಅದರ ಬಹುಭಾಗವು ಶಾಖವಾಗಿ ವ್ಯರ್ಥವಾಗುತ್ತದೆ. ಇಲ್ಲಿ ಯತ್ನಾಚಾರವೇ ಇಂಧನದ ಉಳಿತಾಯ.

ಆದರೆ ಉಳಿದ ಪೆಟ್ರೋಲು ವೃಥಾ ತಿರುಗಾಟಕ್ಕೆ ವ್ಯಯವಾದರೆ? ಅದೇ ಆಚಾರ್ಯರು ನಿಷ್ಕಾರಣ ಸಂಚಾರವನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಮಿತವ್ಯಯದ ಮೂಲ ಲೋಭವೋ ದಯೆಯೋ ಎಂಬುದು ಉಳಿಸಿದುದರ ವಿನಿಯೋಗದಿಂದಲೇ ತಿಳಿಯುತ್ತದೆ. ಆದುದರಿಂದ ಶ್ರಾವಕನು ವಾಹನವೇರುವ ಮುನ್ನವೇ ಆ ಪ್ರಯಾಣದ ಅಗತ್ಯವನ್ನು ವಿಚಾರಿಸಬೇಕು.