ಹಾಡು ಯಾರ ಸೊತ್ತು?

ಪರಿಗ್ರಹವೆಂದೊಡನೆ ಹೊಲ, ಮನೆ, ಅಂಗಡಿ, ಒಡವೆಗಳಷ್ಟೇ ನೆನಪಿಗೆ ಬರುವುದು ಸಹಜ. ಆದರೆ ತಕ್ಕಡಿಯಲ್ಲಿ ತೂಗಲಾಗದ, ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಲಾಗದ ವಸ್ತುಗಳ ಮೇಲೂ ‘ಇದು ನನ್ನದು’ ಎಂಬ ಭಾವ ಅಷ್ಟೇ ಬಿಗಿಯಾಗಿ ಬೇರೂರಬಲ್ಲುದು. ಒಂದು ಹಾಡನ್ನು ಕಟ್ಟಿದವನಿಗೆ ಅದರ ಮೇಲಿರುವ ಮಮಕಾರ ಇಂಥದು. ಅದೇ ಹಾಡನ್ನು ಮತ್ತೊಬ್ಬನು ಎತ್ತಿಕೊಂಡು, ಮೊದಲಿನವನಿಗಿಂತ ಚೆನ್ನಾಗಿ ಹಾಡಿ, ಲೋಕವೆಲ್ಲ ಅದನ್ನು ಎರಡನೆಯವನ ಹೆಸರಿನಿಂದಲೇ ಗುರುತಿಸತೊಡಗಿದರೆ ಮೊದಲಿನವನು ಏನು ಮಾಡಬೇಕು? ಬಿಟ್ಟುಕೊಡಬೇಕೆ? ಬಿಟ್ಟುಕೊಡುವುದಾದರೆ ಏನನ್ನು, ಎಷ್ಟನ್ನು? ಪಾಶ್ಚಾತ್ಯ ಸಂಗೀತ ಪ್ರಪಂಚದಲ್ಲಿ ಕಳೆದ ಶತಮಾನದಲ್ಲಿ ಈ ಪ್ರಶ್ನೆ ಹಲವು ಸಲ ಎದ್ದಿದೆ. ಅಲ್ಲಿನ ಕೆಲವು ಪ್ರಸಂಗಗಳು ಗೃಹಸ್ಥ ಧರ್ಮವನ್ನು ಚಿಂತಿಸುವವರಿಗೂ ವಿಚಾರಯೋಗ್ಯವಾಗಿವೆ.

ಒಬ್ಬರು ಹಾಡಿ ಮುದ್ರಿಸಿದ ಹಾಡನ್ನು ಬೇರೊಬ್ಬರು ಮತ್ತೆ ಹಾಡಿ ಮುದ್ರಿಸುವುದಕ್ಕೆ ಅಲ್ಲಿ ‘ಕವರ್’ ಎನ್ನುತ್ತಾರೆ. ಅಮೆರಿಕದ 1909ರ ಕೃತಿಸ್ವಾಮ್ಯ ಕಾಯಿದೆ ಇದಕ್ಕೆ ರಾಜಮಾರ್ಗವನ್ನೇ ತೆರೆಯಿತು. ಒಂದು ಹಾಡು ಸ್ವಾಮ್ಯದಾರನ ಒಪ್ಪಿಗೆಯಿಂದ ಒಮ್ಮೆ ಮುದ್ರಣಗೊಂಡಿತೆಂದರೆ, ಬಳಿಕ ಯಾರು ಬೇಕಾದರೂ ಪ್ರತಿಯೊಂದಕ್ಕೆ 2 ಸೆಂಟಿನಂತೆ ಸಲ್ಲಿಸಿ ಅದನ್ನು ಹಾಡಿ ಮುದ್ರಿಸಬಹುದು. ಪ್ರತ್ಯೇಕ ಅನುಮತಿ ಬೇಕಿಲ್ಲ. ಈ 2 ಸೆಂಟಿನ ದರ 1978ರವರೆಗೂ ಏರಲಿಲ್ಲವೆಂಬುದು ವ್ಯಾಪಾರ ಬಲ್ಲವರಿಗೆ ಸೋಜಿಗವೆನಿಸೀತು. ಆ ಹಣ ಹಾಡು ಬರೆದವನಿಗೂ ಅದರ ಪ್ರಕಾಶಕನಿಗೂ ಸಲ್ಲುತ್ತದೆ. ಅದನ್ನು ಮೊದಲು ಹಾಡಿದವರಿಗೆ ಅದರಲ್ಲಿ ಪಾಲಿಲ್ಲ. ಈ ಕೊನೆಯ ಅಂಶವನ್ನು ವಾಚಕರು ಮರೆಯಬಾರದು.

1967ರ ನವೆಂಬರಿನಲ್ಲಿ ಬಾಬ್ ಡಿಲನ್ ಅವರು ನ್ಯಾಶ್‌ವಿಲ್ ನಗರದಲ್ಲಿ ‘ಆಲ್ ಅಲಾಂಗ್ ದಿ ವಾಚ್‌ಟವರ್’ ಎಂಬ ತಮ್ಮ ಹಾಡನ್ನು ಮುದ್ರಿಸಿದರು. ಸಾದಾ ಗಿಟಾರ್, ಮೌತ್ ಆರ್ಗನ್, ಹಿನ್ನೆಲೆಗೆ ಬಾಸ್ ಮತ್ತು ಡ್ರಮ್. ಎರಡೂವರೆ ನಿಮಿಷದ ಮಿತವಾದ ಹಾಡು. ವಿದೂಷಕನೂ ಕಳ್ಳನೂ ಸಂಭಾಷಿಸುವಾಗ ದೂರದಲ್ಲಿ ಏನೋ ಒಂದು ವಿಪತ್ತು ಸಮೀಪಿಸುತ್ತಿರುವ ಸೂಚನೆ ಅದರಲ್ಲಿದೆ. ಮರುವರ್ಷದ ಜನವರಿಯಲ್ಲಿಯೇ ಜಿಮಿ ಹೆಂಡ್ರಿಕ್ಸ್ ಅವರು ಲಂಡನ್ನಿನಲ್ಲಿ ಅದನ್ನು ಕೈಗೆತ್ತಿಕೊಂಡರು. ಅವರ ಮುದ್ರಿಕೆ 1968ರಲ್ಲಿ ಹೊರಬಂದಾಗ ಅದು ನಾಲ್ಕು ನಿಮಿಷಕ್ಕೆ ಬೆಳೆದಿತ್ತು. ಬೆಳೆದದ್ದು ಮಾತಲ್ಲ, ನಾದ. ಡಿಲನ್ ವಿಪತ್ತು ಬರಲಿದೆಯೆಂದು ಹೇಳಿದ್ದರು. ಹೆಂಡ್ರಿಕ್ಸರ ವಿದ್ಯುತ್ ಗಿಟಾರಿನಲ್ಲಿ ಅದು ಬಂದೇ ಬಿಟ್ಟಿತು. ಮೀರಿಸುವುದೆಂದರೆ ಹೆಚ್ಚು ಪ್ರತಿ ಮಾರುವುದೆಂದು ತಿಳಿಯುವವರುಂಟು. ಅದು ತಪ್ಪು ಅಳತೆ. ಹಾಡಿನೊಳಗೆ ಹುದುಗಿದ್ದ, ಅದನ್ನು ಬರೆದವನಿಗೂ ಪೂರ್ತಿ ಕಾಣದಿದ್ದ ಒಂದು ಅರ್ಥವನ್ನು ಹೊರತೆಗೆಯುವುದೇ ಮೀರಿಸುವುದು.

ಹೆಂಡ್ರಿಕ್ಸ್ 1970ರ ಸೆಪ್ಟೆಂಬರಿನಲ್ಲಿ 27ನೆಯ ವಯಸ್ಸಿಗೇ ತೀರಿಕೊಂಡರು. 1974ರಲ್ಲಿ ಡಿಲನ್ ಮತ್ತೆ ದೊಡ್ಡ ಸಂಚಾರ ಕೈಗೊಂಡಾಗ ಈ ಹಾಡನ್ನು ತಮ್ಮ ಹಳೆಯ ರೀತಿಯಲ್ಲಿ ಹಾಡದೆ ಹೆಂಡ್ರಿಕ್ಸರ ರೀತಿಗೆ ಹತ್ತಿರವಾಗಿ ಹಾಡಿದರು. ಹಾಗೆ ಹಾಡುವಾಗಲೆಲ್ಲ ಅದು ಅಗಲಿದವರಿಗೆ ಸಲ್ಲಿಸುವ ಗೌರವವೆಂದು ತಮಗೆ ಅನಿಸುತ್ತದೆಂಬ ಅರ್ಥದ ಮಾತನ್ನು ಮುಂದೆ ಅವರೇ ಆಡಿದರು. ಡಿಲನ್ ವೇದಿಕೆಯ ಮೇಲೆ ಅತಿ ಹೆಚ್ಚು ಸಲ ಹಾಡಿರುವುದು ಇದನ್ನೇ, 2,000ಕ್ಕೂ ಮಿಕ್ಕಿ. ಕರ್ತೃವೇ ತನ್ನ ಅನುಯಾಯಿಯ ಅನುಯಾಯಿಯಾದದ್ದು ಅಪೂರ್ವ. 2016ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಕವಿಯ ಬಾಳಿನಲ್ಲಿ ಈ ವಿನಯವೂ ಒಂದು ಸಾಧನೆಯೇ.

ಇದಕ್ಕಿಂತ ಕಠಿಣವಾದ ಪರೀಕ್ಷೆ ಟ್ರೆಂಟ್ ರೆಜ್ನರ್ ಅವರದು. ‘ಹರ್ಟ್’ ಎಂಬ ಹಾಡನ್ನು ಅವರು 1994ರಲ್ಲಿ ಹೊರತಂದರು. ಅದು ತನ್ನನ್ನು ತಾನೇ ನಾಶಪಡಿಸಿಕೊಳ್ಳುತ್ತಿರುವ ಒಬ್ಬ ತರುಣನ ಆರ್ತನಾದ. 2002ರಲ್ಲಿ ಎಪ್ಪತ್ತು ವರ್ಷದ, ಕಾಯಿಲೆಯಿಂದ ಕುಗ್ಗಿದ ಜಾನಿ ಕ್ಯಾಶ್ ಅವರು ಅದನ್ನು ಹಾಡಿದರು. ಒಂದು ಗ್ರಾಮ್ಯ ಪದವನ್ನು ತೆಗೆದು ಮುಳ್ಳಿನ ಕಿರೀಟವೆಂದು ತಿದ್ದಿಕೊಂಡದ್ದು ಬಿಟ್ಟರೆ ಮಾತುಗಳು ಬಹುಮಟ್ಟಿಗೆ ಹಿಂದಿನವೇ. ಆದರೆ ಮೂವತ್ತು ತುಂಬದವನು ‘ಎಲ್ಲವೂ ಮುಗಿಯಿತು’ ಎನ್ನುವುದಕ್ಕೂ, ನಿಜಕ್ಕೂ ಎಲ್ಲವೂ ಮುಗಿಯುತ್ತಿರುವವನು ಅದನ್ನೇ ನುಡಿಯುವುದಕ್ಕೂ ಎಷ್ಟು ಅಂತರ! ನಿರ್ದೇಶಕ ಮಾರ್ಕ್ ರೊಮಾನೆಕ್ ಅದಕ್ಕೊಂದು ಕಿರುಚಿತ್ರ ಮಾಡಿದರು. ಕ್ಯಾಶರ ಹೆಸರಿನಲ್ಲಿದ್ದ ವಸ್ತುಸಂಗ್ರಹಾಲಯ ಮುಚ್ಚಿ, ಪಾಳುಬಿದ್ದಿರುವ ದೃಶ್ಯ ಅದರಲ್ಲಿದೆ. ಗಂಡನನ್ನು ಹಿಂದಿನಿಂದ ನೋಡುತ್ತ ನಿಂತ ಪತ್ನಿ ಜೂನ್ ಕಾರ್ಟರ್ ಇದ್ದಾರೆ. 2003ರ ಮೇ ತಿಂಗಳಲ್ಲಿ ಆಕೆಯೂ, ಸೆಪ್ಟೆಂಬರಿನಲ್ಲಿ ಆತನೂ ತೀರಿಕೊಂಡರು. ಯಶಸ್ಸು, ಸಂಗ್ರಹ, ಕೀರ್ತಿ ಎಲ್ಲವೂ ಧೂಳೆಂಬುದನ್ನು ಅನಿತ್ಯ ಭಾವನೆಯ ಹೆಸರನ್ನೇ ಕೇಳದ ಜನ ಇಷ್ಟು ನೇರವಾಗಿ ಕಾಣಿಸಿದ್ದಾರೆ.

ರೆಜ್ನರ್ ಮೊದಲು ಕೇಳಿದಾಗ ಸಂತೋಷಪಡಲಿಲ್ಲ. ತನ್ನ ಅತ್ಯಂತ ಆಪ್ತವಾದುದನ್ನು ಬೇರೊಬ್ಬರು ಮುಟ್ಟಿದಂತೆ ಅವರಿಗೆ ಇರಿಸುಮುರಿಸಾಯಿತು. ಇದನ್ನು ಅವರು ಮುಚ್ಚಿಡಲಿಲ್ಲ. ಮಮಕಾರವನ್ನು ಹೀಗೆ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವವರು ಕಡಿಮೆ. ಚಿತ್ರವನ್ನು ನೋಡಿದ ಮೇಲೆ ಮಾತ್ರ ಅವರ ಮನಸ್ಸು ತಿರುಗಿತು. ಆ ಹಾಡು ಇನ್ನು ತಮ್ಮದಲ್ಲವೆಂದು ಅವರು ಬಹಿರಂಗವಾಗಿಯೇ ನುಡಿದರು.

ಇಷ್ಟಕ್ಕೆ ನಿಲ್ಲಿಸಿದರೆ ಈ ಪ್ರಬಂಧ ತ್ಯಾಗದ ಮಹಿಮೆಯನ್ನು ಹೊಗಳಿ ಮುಗಿಯುತ್ತಿತ್ತು. ಆದರೆ ಲೆಕ್ಕದ ಪುಸ್ತಕದ ಇನ್ನೊಂದು ಪುಟವನ್ನೂ ನೋಡಬೇಕಾಗುತ್ತದೆ. ಡಿಲನ್, ರೆಜ್ನರ್ ಇಬ್ಬರೂ ಹಾಡಿನ ಕರ್ತೃಗಳೆಂದು ಕಾಗದದ ಮೇಲೆ ದಾಖಲಾದವರು. ಹಾಡು ಪರರ ಕಂಠದಲ್ಲಿ ಮೆರೆದಷ್ಟೂ ಅವರ ಖಾತೆಗೆ ಜಮೆಯಾಗುತ್ತಿತ್ತು. ಅವರು ಬಿಟ್ಟುಕೊಟ್ಟದ್ದು ಅಭಿಮಾನವನ್ನು, ಅನ್ನವನ್ನಲ್ಲ. ಅದರಿಂದ ಅವರ ಔದಾರ್ಯ ಹುಸಿಯಾಗುವುದಿಲ್ಲ. ಅದು ಯಾವ ಬಗೆಯ ಔದಾರ್ಯವೆಂಬುದು ಸ್ಪಷ್ಟವಾಗುತ್ತದೆ ಅಷ್ಟೆ.

ಈ ಎರಡರ ಭೇದವನ್ನು ಚೆನ್ನಾಗಿ ಅರಿತವರು ಡಾಲಿ ಪಾರ್ಟನ್. ಬಹುಕಾಲ ಜೊತೆಗೆ ಹಾಡಿದ ಪೋರ್ಟರ್ ವ್ಯಾಗನರ್ ಅವರನ್ನು ಬಿಟ್ಟು ಸ್ವತಂತ್ರವಾಗಿ ಹೊರಡುವಾಗ, ಆ ಅಗಲಿಕೆಯನ್ನು ಕುರಿತು 1973ರಲ್ಲಿ ‘ಐ ವಿಲ್ ಆಲ್ವೇಸ್ ಲವ್ ಯೂ’ ಹಾಡನ್ನು ಬರೆದರು. ಅದನ್ನು ಎಲ್ವಿಸ್ ಪ್ರೀಸ್ಲಿ ಹಾಡಲು ಬಯಸಿದರು. ಅವರ ವ್ಯವಸ್ಥಾಪಕರು ಪ್ರಕಾಶನ ಹಕ್ಕಿನಲ್ಲಿ ಅರ್ಧಪಾಲು ಬರೆದುಕೊಡಬೇಕೆಂದರು. ಎಲ್ವಿಸ್ ಹಾಡಬೇಕೆಂಬುದು ಪಾರ್ಟನ್ನರ ಕನಸು. ಆದರೂ ಕೊಡುವುದಿಲ್ಲವೆಂದರು, ರಾತ್ರಿಯೆಲ್ಲ ಅತ್ತರು. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಚಲನಚಿತ್ರವೊಂದಕ್ಕಾಗಿ ಅದನ್ನು ಹಾಡಿದಾಗ ಅದು ಅಮೆರಿಕದ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು. ಇಂದು ಬಹಳ ಜನ ಅದನ್ನು ವಿಟ್ನಿಯ ಹಾಡೆಂದೇ ತಿಳಿದಿದ್ದಾರೆ. ಪಾರ್ಟನ್ ಅದಕ್ಕೆ ಕೊರಗಲಿಲ್ಲ. ಬಂದ ಹಣದಲ್ಲಿ ಎಲ್ವಿಸರ ಬಂಗಲೆಯನ್ನೇ ಕೊಳ್ಳಬಹುದಿತ್ತೆಂದು ನಗೆಯಾಡಿದರು. ಆ ಗಳಿಕೆಯ ಒಂದಂಶವನ್ನು ನ್ಯಾಶ್‌ವಿಲ್ಲಿನ ಕಪ್ಪು ಜನರ ಬಡಾವಣೆಯೊಂದರಲ್ಲಿ ಕಟ್ಟಡ ಕೊಳ್ಳಲು ಹೂಡಿದುದಾಗಿ 2021ರಲ್ಲಿ ತಿಳಿಸಿದರು. ಅದು ವಿಟ್ನಿಯ ಜನರ ನಡುವೆ ಇರಲೆಂಬುದು ಅವರ ಭಾವನೆ. ಹಕ್ಕಿನಲ್ಲಿ ಬಿಗಿ, ಹೆಸರಿನಲ್ಲಿ ಸಡಿಲ. ವ್ಯಾಪಾರದಲ್ಲಿ ನಡೆಯನ್ನು ಕೆಡಿಸಿಕೊಳ್ಳದವರು ಈ ಕ್ರಮವನ್ನು ಥಟ್ಟನೆ ಗುರುತಿಸುತ್ತಾರೆ.

ಇನ್ನು, ಬಿಟ್ಟುಕೊಡಲು ಏನೂ ಉಳಿಯದವರ ಮಾತು. ‘ಹೌಂಡ್ ಡಾಗ್’ ಹಾಡನ್ನು 1952ರಲ್ಲಿ ಮೊದಲು ಹಾಡಿದವರು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಗಾಯಕಿ. ಬರೆದವರು ಲೀಬರ್ ಮತ್ತು ಸ್ಟೋಲರ್ ಎಂಬ ಇಬ್ಬರು ಹುಡುಗರು. ಅಬ್ಬರ, ಗುಡುಗು, ವ್ಯಂಗ್ಯಗಳೆಲ್ಲ ಆಕೆಯವು. ಮನೆ ಸುತ್ತಿ ತಿನ್ನುವ ಅಯೋಗ್ಯ ಗಂಡಸನ್ನು ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಝಾಡಿಸುವ ಹಾಡದು. 1956ರಲ್ಲಿ ಎಲ್ವಿಸ್ ಅದನ್ನು ಹಾಡಿದರು. ಲಾಸ್ ವೇಗಸ್ಸಿನ ಒಂದು ತಂಡ ಮಾರ್ಪಡಿಸಿದ್ದ ರೂಪವನ್ನು ಅವರು ಅನುಸರಿಸಿದ್ದರಿಂದ ಬೈಗುಳ ತಿಂದ ಗಂಡಸು ಮಾಯವಾಗಿ ಬರಿಯ ನಾಯಿ ಉಳಿಯಿತು. ಕೋಟಿಗಟ್ಟಲೆ ಜನ ಕೇಳಿದ್ದು ಇದನ್ನು. ಮೇಲೆ ಹೇಳಿದ ಅಳತೆಯಿಂದ ನೋಡಿದರೆ ಇದು ಮೀರಿಸಿದ್ದಲ್ಲ, ಕೇವಲ ಮಾರಿದ್ದು. ಕರ್ತೃಗಳಿಗೆ ಕಾಯಿದೆಯ ರಕ್ಷಣೆಯಿತ್ತು. ಹಾಡಿಗೆ ಪ್ರಾಣ ತುಂಬಿದ ಕಂಠಕ್ಕೆ ಯಾವ ರಕ್ಷಣೆಯೂ ಇರಲಿಲ್ಲ. ತಮಗೆ ದೊರೆತದ್ದು 500 ಡಾಲರಿನ ಒಂದೇ ಚೆಕ್ ಎಂದು ಥಾರ್ನ್‌ಟನ್ ಹೇಳುತ್ತಿದ್ದರು. ಆಕೆಗೆ ‘ಮಮಕಾರ ಬಿಡು’ ಎಂದು ಯಾರು ಉಪದೇಶಿಸಬಲ್ಲರು? ಕೈಯಲ್ಲಿರುವುದನ್ನು ಬಿಟ್ಟರೆ ತ್ಯಾಗ. ಕೈಸೇರದೇ ಹೋದುದನ್ನು ಬಿಡೆಂದು ಬೋಧಿಸುವವರು ಅಪರಿಗ್ರಹದ ಹೆಸರಿನಲ್ಲಿ ಚೌರ್ಯಕ್ಕೆ ಪರದೆ ಕಟ್ಟುತ್ತಾರೆ. ಸಾಲ ತೀರಿಸದವರೇ ಹೆಚ್ಚಾಗಿ ಸಾಲಿಗನಿಗೆ ವೈರಾಗ್ಯ ಬೋಧಿಸುವುದು ಪೇಟೆಯಲ್ಲಿಯೂ ಕಂಡದ್ದೇ.

ಭಾರತದಲ್ಲಿಯೂ ಈ ವಿಷಯ ಹೊಸದಲ್ಲ. 1980ರ ದಶಕದಲ್ಲಿ ಪ್ರಸಿದ್ಧ ಚಿತ್ರಗೀತೆಗಳನ್ನು ಬೇರೆಯವರಿಂದ ಹಾಡಿಸಿ ಅಗ್ಗದ ಕ್ಯಾಸೆಟ್ಟುಗಳಾಗಿ ಮಾರುವ ದೊಡ್ಡ ವ್ಯಾಪಾರವೇ ನಡೆಯಿತು. ಮನೆಗೆ ತಂದು ಹಾಕಿದ ಮೇಲೆಯೇ ಕಂಠ ಬೇರೆಯೆಂದು ತಿಳಿಯುತ್ತಿದ್ದುದುಂಟು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು, ಎಂದರೆ ಒಂದರಂತೆ ತೋರುವ ಇನ್ನೊಂದನ್ನು ಮಾರುವುದನ್ನು ಎಣಿಸಿದ ಆಚಾರ್ಯರು ಕ್ಯಾಸೆಟ್ಟನ್ನು ಕಂಡಿರಲಿಲ್ಲ. ವ್ಯಾಪಾರಿಯ ಮನಸ್ಸನ್ನು ಕಂಡಿದ್ದರು. 2012ರ ತಿದ್ದುಪಡಿಯಿಂದ ಈಗ ಮೂಲ ಮುದ್ರಣವಾದ ಮೇಲೆ ಐದು ವರ್ಷ ಕಾಯಬೇಕು, ರಾಯಲ್ಟಿಯನ್ನು ಮುಂಗಡವಾಗಿ ಕಟ್ಟಬೇಕು, ಹೊದಿಕೆಯ ಮೇಲೆ ಮೊದಲ ಗಾಯಕರ ಹೆಸರಾಗಲಿ ಚಿತ್ರವಾಗಲಿ ಇರಕೂಡದು, ಇದು ಕವರ್ ಎಂದು ಸ್ಪಷ್ಟವಾಗಿ ಮುದ್ರಿಸಬೇಕು. ಇವೆಲ್ಲ ಒಳ್ಳೆಯವೇ. ಆದರೆ ಸ್ವಾಮ್ಯದಾರನ ಒಪ್ಪಿಗೆಯಿಲ್ಲದೆ ಹಾಡನ್ನು ಮಾರ್ಪಡಿಸಕೂಡದೆಂಬ ನಿಯಮವೂ ಉಂಟು. ಎಂದರೆ, ಈ ಪರವಾನಗಿ ಅನುಕರಿಸುವವನಿಗೆ ಸುಲಭ, ಹೆಂಡ್ರಿಕ್ಸನಂಥವನಿಗೆ ಕಷ್ಟ.

ಋಣಗಳಲ್ಲಿ ಹಣದ್ದಕ್ಕಿಂತ ಮೊದಲಿನದು ಹೆಸರಿನ ಋಣ. ವ್ಯಾಸಮುನಿಯ ವಚನಸಮುದ್ರವನ್ನು ಈಜುತ್ತೇನೆ, ಆದರೆ ತಾನು ವ್ಯಾಸನೆಂಬ ಗರ್ವ ತನಗಿಲ್ಲವೆಂದು ಪಂಪನು ತನ್ನ ಭಾರತದ ಮೊದಲಿನಲ್ಲಿಯೇ ಹೇಳಿಕೊಂಡಿದ್ದಾನೆ. ಸಾವಿರ ವರ್ಷಗಳ ಬಳಿಕ, 1939ರಲ್ಲಿ, ಸಾಲೊಮನ್ ಲಿಂಡಾ ಎಂಬ ಜುಲು ಗಾಯಕ ಜೊಹಾನ್ಸ್‌ಬರ್ಗಿನಲ್ಲಿ ‘ಎಂಬೂಬೆ’ ಎಂಬ ಹಾಡನ್ನು ಮುದ್ರಿಸಿದ. ಜುಲು ಭಾಷೆಯಲ್ಲಿ ಸಿಂಹವೆಂದು ಅರ್ಥ. ಹಾಡಿನ ಹಕ್ಕಿಗೆ ಅವನಿಗೆ ಸಿಕ್ಕಿದ್ದು 10 ಷಿಲ್ಲಿಂಗ್. ಆ ಗಾನತಟ್ಟೆ ಅಮೆರಿಕಕ್ಕೆ ಹೋಯಿತು. ಪೀಟ್ ಸೀಗರ್ ಅವರ ವೀವರ್ಸ್ ತಂಡ ಪಲ್ಲವಿಯ ಮಾತನ್ನು ತಪ್ಪಾಗಿ ಕೇಳಿಸಿಕೊಂಡು ‘ವಿಮೊವೆ’ ಎಂದು ಹಾಡಿತು. ಕರ್ತೃವಿನ ಜಾಗದಲ್ಲಿ ಮುದ್ರಿಸಿದ್ದು ಪಾಲ್ ಕ್ಯಾಂಪ್‌ಬೆಲ್ ಎಂದು. ಅದು ತಂಡದವರೇ ಬಳಸುತ್ತಿದ್ದ ಕಲ್ಪಿತ ಹೆಸರು. ಸೀಗರ್ ಲಿಂಡಾನಿಗೆ 1,000 ಡಾಲರ್ ಕಳಿಸಿದ್ದುಂಟು; ಮುಂದಿನ ಲೆಕ್ಕವನ್ನು ವಿಚಾರಿಸಲಿಲ್ಲವೆಂದು ಕೊನೆಗಾಲದಲ್ಲಿ ಪಶ್ಚಾತ್ತಾಪಪಟ್ಟರು. 1961ರಲ್ಲಿ ಟೋಕನ್ಸ್ ಎಂಬ ತಂಡ ಇಂಗ್ಲಿಷ್ ಮಾತು ಸೇರಿಸಿ ಹಾಡಿದ ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಅದರ ಪ್ರಾಣವಾದ ಧಾಟಿ, ಜೊಹಾನ್ಸ್‌ಬರ್ಗಿನ ಮುದ್ರಣಶಾಲೆಯಲ್ಲಿ ಲಿಂಡಾ ಆಗಿಂದಾಗ್ಗೆ ಹೊಳೆದು ಹಾಡಿದ್ದೇ. ಕ್ರಯ ಕಾನೂನಿಗೆ ಸರಿಹೋದೀತು. ಆದರೆ ವಸ್ತು ಎಂಥದೆಂದು ಮಾರುವವನಿಗೆ ತಿಳಿಯದೆ, ಕೊಳ್ಳುವವನಿಗಷ್ಟೇ ತಿಳಿದಿರುವಾಗ ಆದ ಕ್ರಯವನ್ನು ಕ್ರಯವೆನ್ನಲು ಸಜ್ಜನ ವರ್ತಕನ ನಾಲಗೆ ಹಿಂಜರಿಯುತ್ತದೆ.

ಲಿಂಡಾ 1962ರಲ್ಲಿ ಬಡವನಾಗಿಯೇ ತೀರಿಕೊಂಡ. ಗೋರಿಗೆ ಒಂದು ಕಲ್ಲು ನಿಲ್ಲಿಸಲು ಮನೆಯವರಿಗೆ ಹದಿನೆಂಟು ವರ್ಷ ಹಿಡಿಯಿತು. ಕರ್ತೃ ಸತ್ತು 25 ವರ್ಷವಾದ ಮೇಲೆ ಹಕ್ಕು ವಾರಸುದಾರರಿಗೆ ಮರಳುತ್ತದೆಂಬ 1911ರ ಬ್ರಿಟಿಷ್ ಕಾಯಿದೆಯ ಒಂದು ನಿಬಂಧನೆ ಪುಸ್ತಕದಲ್ಲಿ ಉಳಿದಿತ್ತು. ಅದನ್ನು ಹಿಡಿದು 2004ರಲ್ಲಿ ದಾವೆ ಹೂಡಲಾಯಿತು. 2006ರಲ್ಲಿ ರಾಜಿಯಾಗಿ, ಹಿಂದಿನ ಬಾಕಿಗೂ ಮುಂದಿನ ಗಳಿಕೆಗೂ ಲಿಂಡಾನ ಮಕ್ಕಳು ಹಕ್ಕುದಾರರಾದರು. ಕರ್ತೃಗಳ ಸಾಲಿನಲ್ಲಿ ಅವನ ಹೆಸರೂ ಸೇರಿತು. ಆ ವೇಳೆಗೆ ಹೆಣ್ಣುಮಕ್ಕಳಲ್ಲಿ ಮೂವರು ಮಾತ್ರ ಉಳಿದಿದ್ದರು. ಇನ್ನೊಬ್ಬಳು 2001ರಲ್ಲಿಯೇ, ಔಷಧಿಗೆ ಹಣವಿಲ್ಲದೆ ತೀರಿಕೊಂಡಿದ್ದಳು.