ಅಂಕಿ ತಿದ್ದಿದ ವಿಮಾನ

ರಜೆಗೆ ಬಂದಿದ್ದ ತಂಗಿಯ ಮಗ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುತ್ತಿದ್ದ. 2006ರಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಎಂಬ ಆಟ. ನಾಲ್ಕು ಜನ ಕೂರುವ ಪುಟ್ಟ ಸೆಸ್ನಾ 172. ಏರುವಾಗ ಮೂಗು ಅತಿಯಾಗಿ ಎತ್ತುತ್ತಿದ್ದ. ವೇಗ ಕುಂದಿ ಬಿದ್ದುಹೋಗುತ್ತಿತ್ತು.

"ದೊಡ್ಡಮ್ಮಾ, ಈಗ ನೋಡಿ" ಎಂದು ಒಂದು ಫೈಲು ತೆರೆದ. ವಿಮಾನದ ತೂಕ, ಗಾಳಿಯ ತಡೆ ಎಲ್ಲವೂ ಅದರಲ್ಲಿ ಬರೀ ಅಂಕಿಗಳು. ತೂಕವನ್ನು ಅರ್ಧಕ್ಕಿಳಿಸಿದ. ವಿಮಾನ ಗಾಳಿಪಟದಂತೆ ಏರಿತು. ಅವನ ಕೈ ಮಾತ್ರ ಮೊದಲಿನಂತೆಯೇ ಇತ್ತು.

ನನಗೆ ಹಳೆಯದೊಂದು ನೆನಪು ಚುಚ್ಚಿತು. ಮರುಕಪಟ್ಟು ಒಬ್ಬ ಹುಡುಗಿಯ ಗಣಿತದ 27 ಅಂಕವನ್ನು 35 ಮಾಡಿದ್ದೆ. ಮರುವರ್ಷ ಅದೇ ಭಿನ್ನರಾಶಿಯಲ್ಲಿ ಮುಗ್ಗರಿಸಿ ಅವಳು ಶಾಲೆಯನ್ನೇ ಬಿಟ್ಟಳು.

ಹಾಗಾದರೆ ತಿದ್ದುವುದೇ ತಪ್ಪೇ? ನಿಜವಾದ ಸೆಸ್ನಾದ ಕೈಪಿಡಿ ಮುಂದಿಟ್ಟುಕೊಂಡು, ಆಟದ ವಿಮಾನವೂ ಹಾಗೆಯೇ ಹಾರಲೆಂದು ಇದೇ ಅಂಕಿಗಳನ್ನು ತಿದ್ದುವ ಹವ್ಯಾಸಿಗಳೂ ಇದ್ದಾರೆ. ನಿಜಕ್ಕೆ ಹತ್ತಿರವಾಗಲು ತಿದ್ದುವುದು ಬೇರೆ, ನಿಜವನ್ನು ಮರೆಸಲು ತಿದ್ದುವುದು ಬೇರೆ. ಮಕ್ಕಳ ಮೇಲಿನ ಪ್ರೀತಿಯಲ್ಲಿ ನಾವು ಹೆಂಗಸರು ಎಷ್ಟು ಸಲ ಎರಡನೆಯದನ್ನೇ ಮಾಡಿಬಿಡುತ್ತೇವೆ!

ಆ ಹುಡುಗಿಗೆ ನಾನು ಕೊಡಬೇಕಿದ್ದುದು ಎಂಟು ಅಂಕವಲ್ಲ. ದಿನಾ ಸಂಜೆ ಅರ್ಧ ಗಂಟೆ.